ಒಂದು ಕುಬುಸದ ಊಟ, ಒಂದೇ ವೈರಸ್, ಮೂರು ಥರದ ಹೊಟ್ಟಿ: ಗಂಗಾವತಿ ಕಡೆ ಒಂದು ಪ್ರಕರಣ

ವಾಂತಿ-ಭೇದಿ ಹತ್ತಿದ್ದು ಒಂದೇ ಮನ್ಯಾಗ ಮೂರು ಮಂದಿಗೆ, ತಾಟು-ಚರಿಗಿ ಬ್ಯಾರೆ ಇಟ್ಟಿದ್ದು ಮಾತ್ರ ಒಬ್ಬಾಕಿದು. ಆಕಿಗೆ ಎಚ್‌ಐವಿ ಐತಿ ಅಂತ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು, ಅದಕ್ಕ ಆಕಿಗೆ ಲೂಸ್ ಮೋಷನ್ ಸುರು ಆದ ಕೂಡ್ಲೆ "ಆ ಬ್ಯಾನಿ ಜಾಸ್ತಿ ಆತು" ಅಂತ ಎಲ್ಲಾರೂ ಕೂಡಿ ತೀರ್ಮಾನ ಮಾಡಿಬಿಟ್ರು, ಅದೇ ರಾತ್ರಿ ಅದೇ ಸಂಡಾಸಿಗೆ ಓಡಾಡ್ತಿದ್ದ ಮೈದುನನ್ನ ನೋಡಿ ಯಾರೂ ಏನೂ ಅನ್ನಲಿಲ್ಲ.

ನಾನು ಕೊಪ್ಪಳ ಜಿಲ್ಲಾದಾಗ ಎಚ್‌ಐವಿ ಇರೋರ ಜೋಡಿ ಕೌನ್ಸೆಲಿಂಗ್ ಕೆಲಸ ಮಾಡ್ತೀನಿ. ಈ ಪ್ರಕರಣ ಯಾಕ ಬರೀತಿದ್ದೀನಿ ಅಂದ್ರ, ಒಂದೇ ದಿನ ಒಂದೇ ಊಟ ಮಾಡಿ ಒಂದೇ ಸೋಂಕು ತಗೊಂಡ ಮೂರು ಮಂದಿ, ಒಬ್ಬನಿಗೆ ಎಚ್‌ಐವಿ ಇಲ್ಲ, ಒಬ್ಬಾಕಿಗೆ ಐತಿ ಆದ್ರ ಗುಳಿಗಿ ಬರೋಬ್ಬರಿ ತಗೋತಾಳ, ಇನ್ನೊಬ್ಬನಿಗೆ ಐತಿ ಆದ್ರ ಗುಳಿಗಿ ಬಿಟ್ಟಿದ್ದ, ಇಂಥ ಮೂರು ಮಂದಿ ಒಂದೇ ಮನ್ಯಾಗ ಸಿಗೋದು ಭಾಳ ಅಪರೂಪ. ಮೂರೂ ಮಂದಿ ಬರಿಯಾಕ ಒಪ್ಪಿಗಿ ಕೊಟ್ಟಾರ. ಊರು, ವಯಸ್ಸು, ಕೆಲವು ವಿವರ ಬದ್ಲಿ ಮಾಡೀನಿ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿ ಐತಿ, ಅದರ ಪ್ರಕಾರ ಒಬ್ಬರ ಎಚ್‌ಐವಿ ವಿಷಯ ಅವ್ರ ಒಪ್ಪಿಗಿ ಇಲ್ದ ಹೊರಗ ಹೇಳೋ ಹಂಗಿಲ್ಲ, ಮತ್ತ ಕಾಯ್ದೆ ಇಲ್ದಿದ್ರೂ ಹೇಳಬಾರದು.

ಮೊದಲ ಮಂದಿ ಯಾರ್ಯಾರು ಅಂತ ಹೇಳ್ತೀನಿ. ಅಕ್ಕ, ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಭಾಳ ವರ್ಷ ಆಗ್ಯಾವು, ಅತ್ತಿ ಮನ್ಯಾಗ ಇದ್ದು ಭತ್ತದ ಹೊಲಕ್ಕ ಕೂಲಿ ಹೋಗ್ತಾಳ. ಹತ್ತು ವರ್ಷದ ಮ್ಯಾಲಾತು ಎಆರ್‌ಟಿ, ಅಂದ್ರ ಎಚ್‌ಐವಿ ಅದುಮಿ ಇಡೋ ಗುಳಿಗಿ, ಸುರು ಮಾಡಿ, ಈಗ ದಿನಕ್ಕ ಒಂದೇ ಗುಳಿಗಿ ಟಿಎಲ್‌ಡಿ, ಅಂದ್ರ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು. ಸಿಡಿ4, ಅಂದ್ರ ರಕ್ತದಾಗಿನ ರಕ್ಷಣಾ ಕಣಗಳ ಲೆಕ್ಕ, 600ರ ಮ್ಯಾಲ, ವೈರಲ್ ಲೋಡ್, ಅಂದ್ರ ರಕ್ತದಾಗಿನ ಎಚ್‌ಐವಿ ಪ್ರಮಾಣ, ಮಷೀನಿಗೆ ಸಿಗದಷ್ಟು ಕಡಿಮಿ. ಮೈದುನ ಮೂವತ್ತೆರಡು, ರೈಸ್ ಮಿಲ್‌ದಾಗ ಹಮಾಲಿ, ಎಚ್‌ಐವಿ ಇಲ್ಲ, ಗಟ್ಟಿ ಆಳು. ಮೂರನೇದವ ಅಕ್ಕನ ಒಡಹುಟ್ಟಿದ ಅಣ್ಣ, ಬೆಂಗಳೂರಿಗೆ ಗುಳೆ ಹೋಗಿ ಬಿಲ್ಡಿಂಗ್ ಕೆಲಸ ಮಾಡವ. ಅವನಿಗೂ ಎಚ್‌ಐವಿ ಐತಿ ಅಂತ ಆ ಮನ್ಯಾಗ ಅಕ್ಕ ಒಬ್ಬಾಕಿಗೇ ಗೊತ್ತು. ಬೆಂಗಳೂರಾಗ ಒಂದು ಶೆಡ್ಡಿನಾಗ ಆರೇಳು ಮಂದಿ ಜೋಡಿ ಇರ್ತಿದ್ದ, ಡಬ್ಬಿ ಯಾರರ ನೋಡ್ತಾರ ಅನ್ನೋ ಅಂಜಿಕಿಗೆ ಗುಳಿಗಿ ಖಾಲಿ ಆದ್ಮ್ಯಾಲ ತಿರುಗಿ ತಗೊಂಡಿರಲಿಲ್ಲ, ಎಂಟು ತಿಂಗಳು ಹಂಗೇ ಕಳ್ದಿದ್ದ.

ಸಂಕ್ರಾಂತಿ ಆದ್ಮ್ಯಾಲ ಮೈದುನನ ಹೆಂಡ್ತಿಗೆ ಕುಬುಸ ಇಟ್ಕೊಂಡಿದ್ರು. ಹೋಳಿಗಿ, ಬದ್ನಿಕಾಯಿ ಪಲ್ಯ, ಕೋಸಂಬರಿ, ಅನ್ನ-ಸಾರು, ಮಜ್ಜಿಗಿ. ಮಧ್ಯಾಹ್ನ ಊಟ, ಸಂಜಿಗೆ ಬಸುರಿ ಹೆಣ್ಮಗಳು ತವರಿಗೆ ಹೊಂಟು ಹೋದ್ಳು. ಮರುದಿನ ಸಂಜಿ ಮುಂದ ಮೈದುನನಿಗೆ ವಾಂತಿ ಸುರು ಆತು, ರಾತ್ರಿ ಅಕ್ಕಗ, ಬೆಳಗ ಹರಿಯೋದ್ರಾಗ ಅಣ್ಣಗ. ಓಣಿಯಾಗೂ ಹತ್ತಿಪ್ಪತ್ತು ಮಂದಿಗೆ ಹಂಗೇ ಆಗಿತ್ತು. ತವರಿಗೆ ಹೋದ ಬಸುರಿಗೂ ಒಂದೆರಡು ಸಲ ವಾಂತಿ ಆಗಿ ನಿಂತಿತ್ತು.

ಎಲ್ಲಾರೂ ಮೊದಲ ನೀರಿನ ಮ್ಯಾಲ ಅನುಮಾನ ಪಟ್ರು, ಅದು ಸಹಜನೇ. 2022ರಾಗ ರಾಯಚೂರು ಸಿಟಿಯಾಗ ಕಲುಷಿತ ನೀರು ಕುಡ್ದು ಮಂದಿ ಸತ್ತಿದ್ದು, ಮರುವರ್ಷ ನಮ್ಮ ಕೊಪ್ಪಳ ಜಿಲ್ಲಾದ ಹಳ್ಳಿಗಳಾಗೂ ಹಂಗೇ ಆಗಿದ್ದು ಈ ಕಡೆ ಯಾರೂ ಮರ್ತಿಲ್ಲ. ಆಶಾ ಅಕ್ಕಾರು ಮನಿ ಮನಿ ತಿರುಗಿ ಕೇಳಿದ್ರು, ಅವ್ರ ಕೆಲಸ ನೋಡಿ ನನಗ ಭಾಳ ಅಭಿಮಾನ ಆತು. ಅದೇ ಶುದ್ಧ ನೀರಿನ ಘಟಕದ ನೀರು ಕುಡಿಯೋ ಹಿಂದಿನ ಓಣಿಯಾಗ ಒಬ್ಬರಿಗೂ ಏನೂ ಆಗಿರಲಿಲ್ಲ. ತಡ ಮಾಡಿ ಬಂದು ಬರೇ ಹೋಳಿಗಿ, ಬಿಸಿ ಅನ್ನ ಉಂಡು ಹೋದೋರೂ ಆರಾಮ ಇದ್ರು. ಮಲ್ಕೊಂಡೋರೆಲ್ಲಾ ಕೋಸಂಬರಿ ತಿಂದೋರು. ಕೋಸಂಬರಿ ಕಲಸಿದ್ದ ಹುಡುಗ ಹಿಂದಿನ ದಿನ ವಾಂತಿ ಮಾಡ್ಕೊಂಡು, ಆರಾಮ ಆತು ಅಂತ ಕೆಲಸಕ್ಕ ಬಂದಿದ್ದ. ಅವನ್ನ ಬೈಯೋ ಪ್ರಶ್ನೆನೇ ಇಲ್ಲ, ದಿನಗೂಲಿ ಹುಡುಗ ಒಂದು ದಿನ ಬಿಟ್ರ ಕೂಲಿ ಹೋಗ್ತೈತಿ.

ಇಲ್ಲಿ ಟೈಮ್ ಲೆಕ್ಕ ಮುಖ್ಯ. ಊಟ ಆಗಿ ಒಂದರಿಂದ ಆರು ತಾಸಿನೊಳಗ ವಾಂತಿ ಆದ್ರ ಹಳಸಿದ ಊಟದಾಗಿನ ಬ್ಯಾಕ್ಟೀರಿಯಾದ ವಿಷ ಇರಬಹುದು. ಇಲ್ಲಿ ಒಂದು ದಿನದ ಮ್ಯಾಲ ಆಗಿ ಸುರು ಆಗೇತಿ. ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾಂತಿ, ಊಟದಿಂದ 24-48 ತಾಸಿಗೆ ಸುರು, 12ರಿಂದ 60 ತಾಸಿನಾಗ ಇಳಿತ, ಮಲದಾಗ ಬ್ಯಾಕ್ಟೀರಿಯಾ ಸಿಗಂಗಿಲ್ಲ, ಈ ನಾಕು ಕೂಡಿ ಬಂದ್ರ ನೊರೊವೈರಸ್ ಅಂತ ಅಂದಾಜು ಮಾಡಬಹುದು ಅಂತ 1982ರಿಂದನೇ ಒಂದು ಅಳತಿ ಐತಿ. ಈ ವೈರಸ್ಸಿಗೆ ಮೂಲ ಹೆಸರು ಬಂದಿದ್ದು ಅಮೆರಿಕಾದ ಒಹಾಯೊದಾಗ ನಾರ್ವಾಕ್ ಅನ್ನೋ ಊರಿಂದ, 1968ರಾಗ ಅಲ್ಲಿ ಒಂದು ಸಾಲಿಯಾಗ ಹಿಂಗೇ ಎಲ್ಲಾರಿಗೂ ವಾಂತಿ ಹತ್ತಿತ್ತು, 1972ರಾಗ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಾಗ ಮೊದಲ ಸಲ ಕಂಡಿತ್ತು. ದೊಡ್ಡೋರ ಹೊಟ್ಟಿ ಕೆಡಿಸೋ ವೈರಸ್‌ಗಳಾಗ ನೊರೊವೈರಸ್ಸೇ ಮುಂದ, ಅದರ ಹಿಂದ ಸ್ಯಾಪೊವೈರಸ್, ಆಸ್ಟ್ರೊವೈರಸ್, ಅಡಿನೊವೈರಸ್ ಅದಾವು.

ಮೈದುನನ ಕತಿ ಸಣ್ಣದು. ಒಂದು ರಾತ್ರಿ ಪೂರಾ ವಾಂತಿ, ಮರುದಿನ ನೀರಿನಂಗ ಭೇದಿ, ಮೂರನೇ ದಿನ ರೊಟ್ಟಿ ತಿಂದ. ನಡುವ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿ ಸಲೈನ್ ಹಚ್ಚಿಸ್ಕೊಂಡು, ಎರಡು ಸೂಜಿ ಮಾಡಿಸ್ಕೊಂಡು, ಐದು ದಿನದ ಆ್ಯಂಟಿಬಯಾಟಿಕ್ ತಗೊಂಡು ಬಂದ. ವೈರಸ್ಸಿಗೆ ಆ್ಯಂಟಿಬಯಾಟಿಕ್ ಏನೂ ಮಾಡಂಗಿಲ್ಲ, ಕೆಲವರಿಗೆ ಅದೇ ಮತ್ತ ಹೊಟ್ಟಿ ಕೆಡಸ್ತೈತಿ. ವಾಂತಿ ನಡುವ ಸಣ್ಣ ಸಣ್ಣ ಗುಟುಕು ಓಆರ್‌ಎಸ್ ಕುಡ್ದಿದ್ರ ಸಲೈನ್ ಸೈತ ಬೇಕಾಗ್ತಿರಲಿಲ್ಲ ಅನ್ನೋದು ನನ್ನ ಅನಿಸಿಕಿ. ಓಆರ್‌ಎಸ್ ಪಾಕೀಟ ಇಲ್ಲ ಅಂದ್ರ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಅಷ್ಟೇ. ಬಾಟ್ಲಿ ಕೂಲ್‌ಡ್ರಿಂಕ್ಸ್ ಬ್ಯಾಡ, ಅದರಾಗ ಸಕ್ಕರಿ ಭಾಳ, ಉಪ್ಪು ಇಲ್ಲ, ಭೇದಿ ಇನ್ನಾ ಜಾಸ್ತಿ ಆಗ್ತೈತಿ.

ಈಗ ಅಕ್ಕನ ವಿಷಯ. ಆಕಿ ರೋಗದ ದಾರಿ ಹೆಚ್ಚು ಕಡಿಮಿ ಮೈದುನನದ್ದೇ, ಒಂದು ದಿನ ಜಾಸ್ತಿ ಹಿಡೀತು ಅಷ್ಟೇ. ಸಿಡಿ4 600 ಇರೋರಿಗೆ, ವೈರಲ್ ಲೋಡ್ ಅದುಮಿ ಇಟ್ಟೋರಿಗೆ, ಈ ಥರದ ಸೋಂಕು ಬಂದ್ರ ಅದು ಊರ ಮಂದಿಗೆಲ್ಲಾ ಬರೋ ಸೋಂಕೇ, ಎಚ್‌ಐವಿ ಜಾಸ್ತಿ ಆಗಿದ್ದಕ್ಕ ಬಂದದ್ದಲ್ಲ. ಆದ್ರ ಆಕಿಗೆ ರೋಗಕ್ಕಿಂತ ರೋಗದ ಸುತ್ತಲಿನ ಮಾತು ಹೆಚ್ಚು ತ್ರಾಸ ಕೊಟ್ಟಿತು. ಊರ ಆರ್‌ಎಂಪಿ ಡಾಕ್ಟರು ನಾಡಿ ಹಿಡ್ದು ನೋಡಿ, ನಿನ್ನ ಪವರ್ ಪೂರಾ ಇಳಿದೈತಿ, ಈಗ ದೊಡ್ಡ ದವಾಖಾನಿಗೇ ಹೋಗ್ಬೇಕು ಅಂದ್ರಂತ. ಅತ್ತಿ ಅಡಗಿ ಮನಿಗೆ ಕಾಲಿಡಬ್ಯಾಡ ಅಂದ್ಳು. ಒಂದು ಸ್ಟೀಲ್ ತಾಟು, ಒಂದು ಚರಿಗಿ, ಪಡಸಾಲಿ ಮೂಲಿಯಾಗ ಒಂದು ಚಾಪಿ. ಅಕ್ಕ ಫೋನಿನಾಗ ನನಗ ಹೇಳಿದ್ದು, "ಸರ, ಗುಳಿಗಿ ತಗೊಂಡೂ ಹಿಂಗ ಆತು ಅಂದ್ಮ್ಯಾಲ ತಗೊಂಡು ಏನು ಮಾಡೋದೈತ್ರಿ? ಹೊಟ್ಟ್ಯಾಗ ಏನೂ ನಿಂದ್ರವಲ್ದು, ಎರಡು ದಿನದಿಂದ ಬಿಟ್ಟೀನ್ರಿ."

ನನಗ ಎದಿ ಝಲ್ ಅಂದಿದ್ದು ಅಲ್ಲಿ. ಹತ್ತು ವರ್ಷ ಒಂದಿನ ತಪ್ಪಿಸದ ಹೆಣ್ಮಗಳು, ಎರಡು ದಿನದ ವೈರಸ್ಸಿಗೆ ಗುಳಿಗಿ ಬಿಟ್ಟಿದ್ಳು. "ಅಕ್ಕಾರ, ನಿಮ್ಮ ಮೈದುನನಿಗೂ ಹಿಂಗೇ ಆಗೇತಲ್ಲ, ಅವರಿಗೆ ಯಾವ ಬ್ಯಾನಿ ಜಾಸ್ತಿ ಆಗೇತ್ರಿ?" ಅಂದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ ಸರ, ಅದನ್ನ ಯಾರೂ ಕೇಳೇ ಇಲ್ಲ ನೋಡ್ರಿ" ಅಂದ್ಳು.

ಗುಳಿಗಿ ವಿಷಯದಾಗ ಕೆಲವು ಮಾತು ಇಲ್ಲೇ ಹೇಳಿಬಿಡ್ತೀನಿ ಯಾಕಂದ್ರ ಎಷ್ಟೋ ಮಂದಿ ಇದೇ ಜಾಗಾದಾಗ ಎಡವ್ತಾರ. ಟಿಎಲ್‌ಡಿ ಖಾಲಿ ಹೊಟ್ಟಿಗೂ ತಗೋಬಹುದು, ಊಟ ಹೋಗವಲ್ದು ಅಂತ ಬಿಡೋದು ಬ್ಯಾಡ. ನುಂಗಿದ ಸ್ವಲ್ಪೇ ಹೊತ್ತಿಗೆ ವಾಂತಿ ಆಗಿ ಗುಳಿಗಿ ಹೊರಗ ಬಂದ್ರ ಇನ್ನೊಂದು ತಗೋಬೇಕಾಗಬಹುದು, ಗುಳಿಗಿ ಕೊಡೋ ಎಆರ್‌ಟಿ ಸೆಂಟರಿಗೆ ಫೋನ್ ಮಾಡಿ ಕೇಳ್ರಿ. ಆಮ್ಯಾಲ ಅಕ್ಕನ ದಿಂಬಿನ ಹತ್ರ ಒಂದು ಗುಲಾಬಿ ಬಣ್ಣದ ಆ್ಯಂಟಾಸಿಡ್ ಬಾಟ್ಲಿ ಇತ್ತು, ಹೊಟ್ಟಿ ಉರಿಗೆ ಅಂತ ಮೆಡಿಕಲ್ ಶಾಪಿನವ್ರು ಕೊಟ್ಟಿದ್ದು. ಅದರಾಗಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನ ಹಿಡ್ಕೊಂಡು ಮೈಗೆ ಹತ್ತದಂಗ ಮಾಡ್ತಾವು. ಅದಕ್ಕ ಆ್ಯಂಟಾಸಿಡ್ ತಗೊಳ್ಳೋ 2 ತಾಸು ಮೊದಲು ಇಲ್ಲಾ 6 ತಾಸು ಆದ್ಮ್ಯಾಲ ಎಆರ್‌ಟಿ ಗುಳಿಗಿ ತಗೋಬೇಕು. ಇನ್ನೊಂದು, ಮೈ ಕೈ ನೋವಿಗೆ ಅಂತ ಡೈಕ್ಲೊಫೆನಾಕ್ ಸೂಜಿ ಮಾಡಿಸ್ಕೊಳ್ಳೋದು. ಮೈಯಾಗ ನೀರು ಕಡಿಮಿ ಆದಾಗ ಕಿಡ್ನಿ ಮೊದ್ಲೇ ಸೊರಗಿರ್ತೈತಿ, ಟೆನೊಫೊವಿರೂ ಕಿಡ್ನಿಯಿಂದನೇ ಹೊರಗ ಹೋಗೋದು, ಅದರ ಮ್ಯಾಲ ಈ ಸೂಜಿ ಬಿದ್ರ ಕಿಡ್ನಿಗೆ ಪೆಟ್ಟು ಬೀಳಬಹುದು. ನೀವು ಎಆರ್‌ಟಿ ತಗೋತೀರಿ ಅನ್ನೋದನ್ನ ಯಾವ ಡಾಕ್ಟರ್ ಹತ್ರ ಹೋದ್ರೂ ಹೇಳ್ರಿ, ಹೇಳಾಕ ಮನಸ್ಸಿಲ್ಲ ಅಂದ್ರ ಸೆಂಟರಿನ ಡಾಕ್ಟರ್ ಹತ್ರನೇ ಬರ್ರಿ.

ಮರುದಿನ ಮನಿಗೆ ಹೋದೆ. ಅಕ್ಕ ಅವತ್ತಿಂದ ಗುಳಿಗಿ ಸುರು ಮಾಡಿದ್ಳು. ಅಲ್ಲಿ ನೋಡಿದ್ರ ಅತ್ತಿನೇ ಹಾಸಿಗಿ ಹಿಡ್ದಾಳ. ಸೊಸಿಯ ಚರಿಗಿ ಮುಟ್ಟಲಿಲ್ಲ, ಆದ್ರ ಮಗ ವಾಂತಿ ಮಾಡಿದ್ದನ್ನ ಹಳೇ ಸೀರಿ ತುಂಡಿನಿಂದ ಒರೆಸಿ, ಬಚ್ಚಲದಾಗ ಕೈಗೆ ಬರೇ ನೀರು ಹಾಕ್ಕೊಂಡು ಬಂದು ರೊಟ್ಟಿ ಬಡ್ದಿದ್ಳು. ನೊರೊವೈರಸ್ 10ರಿಂದ 100 ಕಣ ಹೊಟ್ಟಿಗೆ ಹೋದ್ರ ಸಾಕು, ಒಂದು ಗ್ರಾಂ ಮಲದಾಗ ಅವು ಕೋಟಿಗಟ್ಲೆ ಇರ್ತಾವು. ಹೊರಗಿನ ಒಣ ಜಾಗಾದ ಮ್ಯಾಲೂ ದಿನಗಟ್ಲೆ ಬದುಕ್ತಾವು. ಎಚ್‌ಐವಿ ಅದಕ್ಕ ಪೂರಾ ಉಲ್ಟಾ, ಮೈ ಹೊರಗ ಬಂದ್ರ ಬ್ಯಾಗನ ಸಾಯ್ತೈತಿ, ತಾಟು, ಚರಿಗಿ, ಊಟ, ಸಂಡಾಸ ಯಾವುದರಿಂದನೂ ಹರಡಂಗಿಲ್ಲ. ಅಂದ್ರ ಆ ಮನ್ಯಾಗ ತಾಟಿನಿಂದ, ಕೈಯಿಂದ ಹರಡೋ ವೈರಸ್ ಒಂದಿತ್ತು, ಅದು ಮೈದುನನ ಹತ್ರನೂ ಇತ್ತು, ಅಕ್ಕನ ಹತ್ರನೂ ಇತ್ತು, ಅಣ್ಣನ ಹತ್ರನೂ ಇತ್ತು, ಮಂದಿ ಅಂಜಿದ್ದು ಮಾತ್ರ ತಾಟಿನಿಂದ ಹರಡದ ಇನ್ನೊಂದು ವೈರಸ್ಸಿಗೆ.

ಅತ್ತಿಗೆ ಇದನ್ನ ಹೇಳಾಕ ನನಗೇನು ಹುಮ್ಮಸ್ಸಿರಲಿಲ್ಲ, ಆಕಿ ಮೊದ್ಲೇ ಸುಸ್ತಾಗಿದ್ಳು, ವಯಸ್ಸಾದೋರಿಗೆ ನೀರು ಕಡಿಮಿ ಆದ್ರ ಜೀವಕ್ಕೇ ಅಪಾಯ. "ಅವ್ವಾರ, ಮೊದಲ ಇದನ್ನ ಕುಡೀರಿ, ಆಮ್ಯಾಲ ಮಾತಾಡೂಣು" ಅಂತ ಓಆರ್‌ಎಸ್ ಕುಡಿಸಿದ್ದು ಮತ್ತ ಯಾರೂ ಅಲ್ಲ, ಅಕ್ಕನೇ, ತನಗೇ ನಿಂದ್ರಾಕ ತ್ರಾಣ ಇಲ್ದಾಗ. ಮನಿ ಮಂದಿಗೆಲ್ಲಾ ಒಂದೇ ನಿಯಮ ಹೇಳಿದೆ. ಯಾರಿಗೆ ವಾಂತಿ-ಭೇದಿ ಐತೋ ಅವ್ರು, ಎಚ್‌ಐವಿ ಇರ್ಲಿ ಬಿಡ್ಲಿ, ನಿಂತು ಎರಡು ದಿನ ಆಗೋ ತನ ಅಡಗಿ ಮಾಡೋದು ಬ್ಯಾಡ. ಸ್ಯಾನಿಟೈಸರ್ ಈ ವೈರಸ್ಸಿಗೆ ಸರಿಯಾಗಿ ಕೆಲಸ ಮಾಡಂಗಿಲ್ಲ, ಸಾಬೂನು ಹಚ್ಚಿ ತಿಕ್ಕಿ ಹರಿಯೋ ನೀರಿನಾಗ ಕೈ ತೊಳೀಬೇಕು. ವಾಂತಿ ಬಿದ್ದ ನೆಲ, ಸಂಡಾಸದ ಕದ, ನಳದ ತಿರುವು, ಇವನ್ನ 1 ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಒರೆಸ್ಬೇಕು, ಕಿಡಕಿ ತಗದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು. ಆರಾಮ ಆದ್ಮ್ಯಾಲೂ ಎರಡು ವಾರ, ಕೆಲವರಿಗೆ ಅದಕ್ಕೂ ಜಾಸ್ತಿ, ಮಲದಾಗ ವೈರಸ್ ಹೋಗ್ತಾ ಇರ್ತೈತಿ, ಅದಕ್ಕ ಕೈ ತೊಳಿಯೋದು ಬಿಡೋ ಹಂಗಿಲ್ಲ.

ವಾರದಾಗ ಮನಿ ಮಂದಿ ಎಲ್ಲಾ ಆರಾಮ ಆದ್ರು, ಅಣ್ಣ ಒಬ್ಬನ ಬಿಟ್ಟು.

ಅಣ್ಣನ ವಾಂತಿ ನಿಂತಿತ್ತು, ಭೇದಿ ನಿಂದ್ರಲಿಲ್ಲ. ದಿನಕ್ಕ ಆರೇಳು ಸಲ, ನೀರಿನಂಗ, ರಕ್ತ ಇಲ್ಲ, ಜ್ವರ ಇಲ್ಲ. ಮೂರನೇ ವಾರಕ್ಕ ಲುಂಗಿ ಸೊಂಟದ ಮ್ಯಾಲ ನಿಂದ್ರದಂಗ ಆತು. ಅವ ಅಕ್ಕಗ ಅಷ್ಟೇ ಹೇಳಿದ್ದ, ಆಕಿ ಕೈ ಹಿಡ್ದು ಎಳಕೊಂಡು ಬಂದಂಗ ಕರ್ಕೊಂಡು ಬಂದ್ಳು. ಸಿಡಿ4 ನೋಡಿದ್ರ 68. ಕಿಡ್ನಿ ಸೊರಗಿದ್ದು ತೋರ್ಸೋ ಕ್ರಿಯಾಟಿನಿನ್ ಏರಿತ್ತು, ನೀರು ಕಡಿಮಿ ಆಗಿ.

ಇಲ್ಲಿಂದ ಮುಂದ ಲೆಕ್ಕನೇ ಬದ್ಲಿ ಆಗ್ತೈತಿ. ಸಿಡಿ4 200ರ ಕೆಳಗ ಇದ್ದಾಗ ಎರಡು ವಾರ ದಾಟಿದ ಭೇದಿಗೆ "ವೈರಲ್ ಇರಬೇಕು, ಹೋಗ್ತೈತಿ" ಅಂತ ಬಿಡೋ ಹಂಗಿಲ್ಲ. ಡಾಕ್ಟರು ಮಲ ಸಾಮಾನ್ಯ ಪರೀಕ್ಷೆ ಜೋಡಿ ಸ್ಪೆಷಲ್ ಬಣ್ಣ ಹಾಕಿ ನೋಡೋ ಪರೀಕ್ಷೆನೂ ಮಾಡಿಸಿದ್ರು, ಯಾಕಂದ್ರ ಕ್ರಿಪ್ಟೊಸ್ಪೊರಿಡಿಯಂ, ಸಿಸ್ಟೊಐಸೊಸ್ಪೊರಾ ಅನ್ನೋ ಪರಾವಲಂಬಿಗಳು ಮಾಮೂಲಿ ಪರೀಕ್ಷೆಯಾಗ ತಪ್ಪಿಸ್ಕೋತಾವು, ಮತ್ತ ಎರಡನೇದಕ್ಕ ಕೋಟ್ರೈಮಾಕ್ಸಜೋಲ್ ಅನ್ನೋ ಅಗ್ಗದ ಔಷಧಿ ಐತಿ. ಮೂರು ಬ್ಯಾರೆ ಬ್ಯಾರೆ ದಿನದ ಸ್ಯಾಂಪಲ್ ನೋಡಿದ್ರು, ಎಲ್ಲಾ ನೆಗೆಟಿವ್. ಟಿಬಿ ತಪಾಸಣಿ ಮಾಡಿದ್ರು, ಮಿದುಳಿಗೆ ಹತ್ತೋ ಫಂಗಸ್ ಸೋಂಕಿನ ಕ್ರಿಪ್ಟೊಕಾಕಲ್ ಟೆಸ್ಟ್ ಮಾಡಿದ್ರು, ಅವೂ ಇಲ್ಲ. ಸೈಟೊಮೆಗಾಲೊ ಅನ್ನೋ ಇನ್ನೊಂದು ವೈರಸ್ ಕರುಳಿನಾಗ ಹುಣ್ಣು ಮಾಡ್ತೈತಿ, ಅದು ಹೆಚ್ಚಾಗಿ ಸಿಡಿ4 50ರ ಕೆಳಗ ಇಳಿದಾಗ, ರಕ್ತ ಬೀಳೋದು, ಹೊಟ್ಟಿ ಕಡಿಯೋದು ಇರ್ತೈತಿ, ಕಣ್ಣಿಗೂ ಹೊಡೀತೈತಿ, ಖಾತ್ರಿ ಮಾಡಾಕ ಕೊಲೊನೊಸ್ಕೋಪಿ ಬೇಕು. ಅಣ್ಣನಿಗೆ ಆ ಲಕ್ಷಣ ಇರಲಿಲ್ಲ, ಆದ್ರೂ ಕಣ್ಣು ತೋರಿಸಿದ್ರು, ಚೊಲೋ ಇತ್ತು.

ಕಡೀಗೆ ಮನಿಯವ್ರು ರೊಕ್ಕ ಕೂಡಿಸಿ ಮಲದ ಸ್ಯಾಂಪಲ್ ಒಂದು ಪ್ರೈವೇಟ್ ಲ್ಯಾಬಿನ ಮೂಲಕ ಬೆಂಗಳೂರಿಗೆ ಪಿಸಿಆರ್ ಪ್ಯಾನಲ್ಲಿಗೆ, ಅಂದ್ರ ಹೊಟ್ಟಿ ಕೆಡಿಸೋ ಹಲವು ರೋಗಾಣು ಒಂದೇ ಸಲ ಹುಡುಕೋ ಪರೀಕ್ಷೆಗೆ, ಕಳಿಸಿದ್ರು. ನಮ್ಮ ಜಿಲ್ಲಾದಂಥ ಕಡೆ ಹೊಟ್ಟಿ ವೈರಸ್ ಪರೀಕ್ಷೆ ಮಾಡಿಸೋದು ಕೂಲಿ ಮಂದಿಗೆ ಕೈಗೆಟುಕೋ ಮಾತಲ್ಲ, ಇದ್ದೋರಿಗೂ ಯಾರೂ ಬರ್ದು ಕೊಡಂಗಿಲ್ಲ, ಚೀಟಿಯಾಗ ಗ್ಯಾಸ್ಟ್ರೊ ಅಂತ ಬರ್ದು ಮುಗಿಸ್ತಾರ. ರಿಪೋರ್ಟ್ ಬಂತು: ನೊರೊವೈರಸ್ ಜಿ2 (ಅದರ ಒಂದು ಗುಂಪು) ಪಾಸಿಟಿವ್, ಬಾಕಿ ಎಲ್ಲಾ ನೆಗೆಟಿವ್. ಕುಬುಸದ ವೈರಸ್ ಒಂದು ತಿಂಗಳಾದ್ರೂ ಅವನ ಹೊಟ್ಟಿ ಬಿಟ್ಟು ಹೋಗಿರಲಿಲ್ಲ ಅಂತ ನಾವು ಅಂದ್ಕೊಂಡ್ವಿ.

ಅಂದ್ಕೊಂಡ್ವಿ ಅಂತ ಬೇಕಂತನೇ ಬರ್ದೀನಿ. ಮಲದಾಗ ವೈರಸ್ ಸಿಕ್ತು ಅಂದ್ರ ಭೇದಿಗೆ ಅದೇ ಕಾರಣ ಅಂತ ಆಗಂಗಿಲ್ಲ, ಆರಾಮ ಇರೋರ ಮಲದಾಗೂ ಸಿಗ್ತೈತಿ. 1993ರಾಗ ಅಮೆರಿಕಾದಾಗ ಎಚ್‌ಐವಿ ಇರೋರನ್ನೇ ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ ಬಂತು, ಭೇದಿ ಇದ್ದೋರ ಸ್ಯಾಂಪಲ್‌ನಾಗ ನೂರಕ್ಕ 35ರಾಗ ಹೊಟ್ಟಿ ವೈರಸ್ ಸಿಕ್ಕಿತ್ತು, ಭೇದಿ ಇಲ್ದೋರ ಸ್ಯಾಂಪಲ್‌ನಾಗ ನೂರಕ್ಕ 12ರಾಗ. ವ್ಯತ್ಯಾಸ ದೊಡ್ಡದು, ಅಂದ್ರ ವೈರಸ್‌ಗಳ ಕೈವಾಡ ಖರೇ ಐತಿ, ಆದ್ರ ಆ 12ನ್ನೂ ಮರೀಬಾರದು. ಅಣ್ಣನ ಸಂಗತಿಯಾಗ ಊಟದ ದಿನ, ಸುರು ಆದ ಹೊತ್ತು, ಮನಿ ಮಂದಿಗೆಲ್ಲಾ ಒಂದೇ ಲಕ್ಷಣ, ಬ್ಯಾರೆ ಯಾವುದೂ ಸಿಗಲಿಲ್ಲ ಅನ್ನೋದು, ಇವೆಲ್ಲಾ ಸೇರಿಸಿ ನೋಡಿದ್ರ ನೊರೊವೈರಸ್ ಅನ್ನೋದೇ ಹೆಚ್ಚು ಕೂಡ್ತೈತಿ. ಕಿಡ್ನಿ ಕಸಿ ಮಾಡಿಸ್ಕೊಂಡು ಇಮ್ಯೂನಿಟಿ ಅದುಮೋ ಔಷಧಿ ತಗೊಳ್ಳೋರಿಗೆ ಈ ವೈರಸ್ ತಿಂಗಳಾನುಗಟ್ಲೆ ಉಳಿಯೋದು ಗೊತ್ತಿರೋ ವಿಷಯ, ಎಚ್‌ಐವಿ ಇರೋರಲ್ಲೂ ಅಪರೂಪಕ್ಕ ವರದಿ ಆಗೇತಿ.

ಯಾಕ ಉಳೀತೈತಿ ಅಂದ್ರ, ಮೈಯಾಗಿನ ರಕ್ಷಣಾ ಕಣಗಳ ದೊಡ್ಡ ಪಾಲು ಇರೋದು ರಕ್ತದಾಗಲ್ಲ, ಕರುಳಿನ ಸುತ್ತ. ಎಚ್‌ಐವಿ ಮೈ ಹೊಕ್ಕ ಮೊದಲ ವಾರಗಳಾಗೇ ಹೆಚ್ಚು ಹೊಡಿಯೋದು ಅಲ್ಲೇ. ಕಾಲುವಿ ಒಡ್ಡು ಒಳಗಿಂದ ಕುಸಿದಂಗ, ಮ್ಯಾಲ ನೋಡಿದ್ರ ಗೊತ್ತಾಗಂಗಿಲ್ಲ, ನೀರು ಬಂದಾಗ ಗೊತ್ತಾಗೋದು. ಗುಳಿಗಿ ಬರೋಬ್ಬರಿ ತಗೊಂಡ್ರ ರಕ್ತದಾಗಿನ ಸಿಡಿ4 ಏರ್ತೈತಿ, ಕರುಳಿನಾಗಿಂದೂ ಏರ್ತೈತಿ ಆದ್ರ ನಿಧಾನ. ಅಣ್ಣ ಗುಳಿಗಿ ಬಿಟ್ಟ ಎಂಟು ತಿಂಗಳಾಗ ಎರಡೂ ಇಳಿದಿದ್ದವು, ಆರೋಗ್ಯ ಇರೋ ಮೈ ಎರಡು-ಮೂರು ದಿನದಾಗ ಮಾಡಿ ಮುಗಿಸೋ ಕೆಲಸ ಅವನ ಮೈಗೆ ಆಗಲಿಲ್ಲ.

ನೊರೊವೈರಸ್ಸಿಗೆ ಅಂತ ಒಂದು ಔಷಧಿ ಇಲ್ಲ. ನಿಟಾಜಾಕ್ಸನೈಡ್ ಅನ್ನೋದನ್ನ ಕೆಲವು ಡಾಕ್ಟರು ಕೊಟ್ಟು ನೋಡ್ತಾರ, ಗಟ್ಟಿ ಪುರಾವೆ ಇಲ್ಲ, ಅಣ್ಣಗೂ ಕೊಟ್ರು, ಫರಕು ಕಾಣಲಿಲ್ಲ. ಇಂಥ ಭೇದಿಗೆ ನಿಜವಾದ ಔಷಧಿ ಎಆರ್‌ಟಿನೇ. ಮೊದಲ ಸಲೈನ್ ಹಚ್ಚಿ ಕಿಡ್ನಿ ಸರಿ ಆಗೋ ತನ ಕಾದ್ರು, ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು, ಆಮ್ಯಾಲ ಟಿಎಲ್‌ಡಿ ತಿರುಗಿ ಸುರು ಮಾಡಿ, ಸಿಡಿ4 ಕಡಿಮಿ ಇರೋರಿಗೆ ಕೊಡೋ ಕೋಟ್ರೈಮಾಕ್ಸಜೋಲೂ ಸೇರಿಸಿದ್ರು. ಮೊದಲ ಎರಡು ವಾರ ಏನೂ ಬದ್ಲಿ ಆಗಲಿಲ್ಲ, ಅವನಿಗೆ ಬ್ಯಾಸರಾಗಿ "ಇದರಾಗ ಏನೂ ಇಲ್ರಿ ಸರ" ಅಂದ, ಅಕ್ಕ ದಿನಾ ರಾತ್ರಿ ಎಂಟಕ್ಕ ಇಬ್ಬರೂ ಕೂಡೇ ಗುಳಿಗಿ ನುಂಗೂಣು ಅಂತ ಎದುರಿಗೆ ಕುಂತು ನುಂಗಸ್ತಿದ್ಳು. ಐದನೇ ವಾರಕ್ಕ ದಿನಕ್ಕ ಎರಡು-ಮೂರು ಸಲಕ್ಕ ಇಳೀತು, ಎರಡು ತಿಂಗಳಿಗೆ ನಿಂತಿತು. ಆರು ತಿಂಗಳ ಮ್ಯಾಲ ಸಿಡಿ4 200 ದಾಟಿತ್ತು, ವೈರಲ್ ಲೋಡ್ ಸಿಗದಷ್ಟು ಇಳಿದಿತ್ತು, ತೂಕ ಪೂರಾ ವಾಪಸ್ ಬಂದಿರಲಿಲ್ಲ.

ಅತ್ತಿಗೆ ಅಣ್ಣನ ವಿಷಯ ಈಗ್ಲೂ ಗೊತ್ತಿಲ್ಲ, ಅದನ್ನ ಹೇಳೋದು ಬಿಡೋದು ಅವನಿಗೆ ಬಿಟ್ಟಿದ್ದು. ಅಕ್ಕನ ಬ್ಯಾರೆ ತಾಟು ಹೋತು, ಆದ್ರ ಮೊಮ್ಮಗ ಹುಟ್ಟಿದ ಮ್ಯಾಲ ಕೂಸನ್ನ ಆಕಿ ಕೈಯಾಗ ಕೊಡಾಕ ಅತ್ತಿ ಇನ್ನೂ ಹಿಂದ ಮುಂದ ನೋಡ್ತಾಳ. ನಾನು ಮತ್ತ ಹೋಗಿ ಮಾತಾಡವ ಅದೀನಿ, ಈ ಸಲ ಎಆರ್‌ಟಿ ಡಾಕ್ಟರ್ ಮೇಡಂನೂ ಫೋನಿನಾಗ ಮಾತಾಡ್ತೀನಿ ಅಂದಾರ. ಅಣ್ಣ ಬೆಂಗಳೂರಿಗೆ ವಾಪಸ್ ಹೋದ. ಹೋಗೋಕಿಂತ ಮೊದಲ ಟ್ರಾನ್ಸ್‌ಫರ್ ಚೀಟಿ ಮಾಡಿಸ್ಕೊಂಡ, ಅಲ್ಲಿನ ಸೆಂಟರಿನಾಗ ಗುಳಿಗಿ ತಗೋಬಹುದು, ಗುಳೆ ಹೋಗೋ ಯಾರಾದ್ರೂ ಹಿಂಗ ಮಾಡಿಸ್ಕೋಬಹುದು, ಎಲ್ಲಿ ಸೆಂಟರ್ ಐತಿ ಗೊತ್ತಿಲ್ಲ ಅಂದ್ರ ಎಚ್‌ಐವಿ ಸಹಾಯವಾಣಿ 1097ಕ್ಕ ಫೋನ್ ಹಚ್ರಿ, ರೊಕ್ಕ ಬೀಳಂಗಿಲ್ಲ. ಗುಳಿಗಿ ಡಬ್ಬಿ ಮ್ಯಾಲಿನ ಲೇಬಲ್ ಕಿತ್ತು, ಬಿ-ಕಾಂಪ್ಲೆಕ್ಸ್ ಡಬ್ಬಿಯಾಗ ಹಾಕ್ಕೋತೀನಿ ಅಂದ. ಟೆನೊಫೊವಿರ್ ಗುಳಿಗಿಗೆ ತೇವ ಆಗಂಗಿಲ್ಲ, ಒಳಗಿನ ತೇವ ಹೀರೋ ಪುಡಿ ಪಾಕೀಟ ಬಿಸಾಕಬ್ಯಾಡ, ಅದನ್ನೂ ಹೊಸ ಡಬ್ಬಿಗೆ ಹಾಕ್ಕೋ, ಮುಚ್ಚಳ ಬಿಗಿ ಇರ್ಲಿ ಅಂತ ಹೇಳಿ ಕಳಿಸೀವಿ.